ಕಾರ್ಖಾನೆ ಬರಲಿ, ಉದ್ರಿ ಪುಸ್ತಕವನ್ನೂ ನೋಡೋಣ

ಓದುಗರ ಪತ್ರ: ನಾನು ನಿವೃತ್ತ ಬ್ಯಾಂಕ್ ಮ್ಯಾನೇಜರ್. ರಾಯಚೂರು ಜಿಲ್ಲೆಯಲ್ಲಿ ಕೆಲವು ವರ್ಷ ಇದ್ದೆ. ಗೃಹಲಕ್ಷ್ಮಿ ದುಡ್ಡು ಬರಲು ಶುರುವಾದ ಮೇಲೆ ಹತ್ತಿ ಬಿಡಿಸಲು ಹೆಂಗಸರೇ ಸಿಗುವುದಿಲ್ಲ ಎನ್ನುತ್ತಾರೆ ಅಲ್ಲಿನ ನನ್ನ ರೈತ ಸ್ನೇಹಿತರು. ಇದೇ ಹಣದಲ್ಲಿ ಒಂದೆರಡು ದೊಡ್ಡ ಕಾರ್ಖಾನೆ ಹಾಕಿದ್ದರೆ ಆ ಜಿಲ್ಲೆಯ ಹಣೆಬರಹವೇ ಬದಲಾಗುತ್ತಿತ್ತು. ನಿಮ್ಮ ಪತ್ರಿಕೆ ಇದನ್ನೇಕೆ ಬರೆಯುವುದಿಲ್ಲ?

ಸಂಪಾದಕರ ಉತ್ತರ: ಒಳ್ಳೆಯ ಪತ್ರ ಸಾರ್. ಜಗಳ ಮಾಡಲು ಯೋಗ್ಯವಾದ ಪತ್ರ ವಾರಕ್ಕೊಂದು ಬಂದರೂ ನಮ್ಮ ಪುಣ್ಯ.

ನಿಮ್ಮ ಮಾತಿನಲ್ಲಿ ಒಪ್ಪುವಂಥದ್ದು ಇದೆ. ಗ್ಯಾರಂಟಿಗಳಿಗೆ ವರ್ಷಕ್ಕೆ 50,000 ಕೋಟಿಗೂ ಮೇಲೆ ಹೋಗುತ್ತಿದೆ, ಸಣ್ಣ ಮೊತ್ತವಲ್ಲ. ಕಂತು ಕೆಲವೊಮ್ಮೆ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ. ಕಾರ್ಖಾನೆ ಬೇಡ ಎಂದು ನಾನೂ ಹೇಳಲಾರೆ. ಅಲ್ಲಿಗೆ ನಿಮ್ಮ ಪಾಲಿನದ್ದು ಮುಗಿಯಿತು, ಈಗ ನನ್ನದು ಕೇಳಿ.

ದೊಡ್ಡ ಕಾರ್ಖಾನೆ ಬಂದರೆ ಹಣೆಬರಹ ಬದಲಾಗುತ್ತದೆ ಎಂದಿರಿ. ಅದಕ್ಕೆ ರಾಯಚೂರನ್ನೇ ಆರಿಸಿಕೊಂಡಿರಲ್ಲ! ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಸ್ಥಾವರ ನಡೆಯುತ್ತಿದೆ, ಇವತ್ತಿಗೆ 1,720 ಮೆಗಾವಾಟ್. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಸಿಂಧನೂರಿನ ಭತ್ತದ ಗದ್ದೆಗಳಿಗೆ ತುಂಗಭದ್ರೆಯ ನೀರು. ಕರೆಂಟು, ಚಿನ್ನ, ಅನ್ನ ಮೂರೂ ಇರುವ ಜಿಲ್ಲೆ ಇನ್ನೆಲ್ಲಿದೆ? ಆದರೂ 2018ರಲ್ಲಿ ಕೇಂದ್ರ ಸರ್ಕಾರ ದೇಶದ ಹಿಂದುಳಿದ ಜಿಲ್ಲೆಗಳನ್ನು ಹುಡುಕಿ 'ಮಹತ್ವಾಕಾಂಕ್ಷೆಯ ಜಿಲ್ಲೆ' ಎಂದು ಹೆಸರಿಟ್ಟಾಗ ಕರ್ನಾಟಕದಿಂದ ಪಟ್ಟಿ ಸೇರಿದ್ದು ಎರಡೇ: ರಾಯಚೂರು ಮತ್ತು ಯಾದಗಿರಿ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ರಾಯಚೂರೂ ಸೇರಿದ ಕಲಬುರಗಿ ವಿಭಾಗದವು.

ಆ ಸಂಪತ್ತೆಲ್ಲ ಹೋಗಿದ್ದೆಲ್ಲಿಗೆ? ಕರೆಂಟು ತಂತಿ ಹಿಡಿದು ಹೊರಗೆ ಹೋಯಿತು. ನೀರಿನ ಕಥೆ ನೀವೇ ಕಣ್ಣಾರೆ ಕಂಡಿರುತ್ತೀರಿ. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ್ದರು. ಮೇಲ್ಭಾಗದಲ್ಲಿ ಎಲ್ಲರೂ ಭತ್ತ ನಾಟಿ ಮಾಡಿದರು. ಕೊನೆಭಾಗದ ರೈತ ಒಣ ಕಾಲುವೆ ನೋಡಿಕೊಂಡು ಕೂತ. ಅವನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಬಂದರು. ಜಿಲ್ಲೆಯ ಉತ್ಪನ್ನದ ಲೆಕ್ಕದಲ್ಲಿ ಚಿನ್ನ ಇದೆ, ಭತ್ತ ಇದೆ. ಬೆಂಗಳೂರಿನ ಕಟ್ಟಡದ ಪಕ್ಕ ತಗಡಿನ ಶೆಡ್‌ನಲ್ಲಿ ಮಲಗುವ ಕುಟುಂಬ ಯಾವ ಲೆಕ್ಕದಲ್ಲೂ ಇಲ್ಲ.

ಹಾಗಾಗಿ ನಾನು ತಲಾ ಆದಾಯದ ಪಟ್ಟಿ ಪಕ್ಕಕ್ಕಿಟ್ಟು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡುತ್ತೇನೆ. ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಅಂಗಡಿಯವರೊಬ್ಬರು ತಮ್ಮದನ್ನು ತೋರಿಸಿದರು. ಎಣ್ಣೆ ಕಲೆಯಾದ ಉದ್ದನೆಯ ಪುಸ್ತಕ, ಮನೆಗೊಂದು ಪುಟ. ಹಳೆಯ ಪುಟಗಳಲ್ಲಿ ಸಾಲ ಏರುತ್ತಲೇ ಹೋಗಿ, ಸುಗ್ಗಿಯಲ್ಲಿ ಒಮ್ಮೆ ಗೀಟು. ಹೊಸ ಪುಟಗಳಲ್ಲಿ ನಡುನಡುವೆ ಗೀಟುಗಳು. "ಮೊದಲ ಹತ್ತಿ ಮಾರಿದ ಮ್ಯಾಲೆ ರೊಕ್ಕ ಬರ್ತಿತ್ರೀ. ಈಗ ದುಡ್ಡು ಜಮಾ ಆದ ದಿನ ಹೆಣ್ಣಮಕ್ಕಳ ಬಂದು ಚುಕ್ತಾ ಮಾಡ್ತಾರ" ಎಂದರು. ಆಮೇಲೆ ದನಿ ತಗ್ಗಿಸಿ, "ಬಡ್ಡಿ ಸೇರಿಸಿ ಬರೆಯೋದು ಬಂದಾಗೇತ್ರೀ" ಎಂದು ನಕ್ಕರು. ಅವರಿಗೆ ಅದೊಂದು ನಷ್ಟ, ಪಾಪ.

ದುಡ್ಡು ಯಾರ ಕೈಗೆ ಬಿತ್ತು ಅನ್ನೋದು ಮುಖ್ಯ ಸಾರ್. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಎಸ್ತರ್ ಡುಫ್ಲೊ ದಕ್ಷಿಣ ಆಫ್ರಿಕಾದ ವೃದ್ಧಾಪ್ಯ ಪಿಂಚಣಿಯನ್ನು ಅಧ್ಯಯನ ಮಾಡಿದರು. ವರ್ಣಭೇದ ಕೊನೆಯಾಗುವ ಹೊತ್ತಿಗೆ ಅದು ಕರಿಯರಿಗೂ ಪೂರ್ತಿಯಾಗಿ ಸಿಗತೊಡಗಿತ್ತು. ಅಜ್ಜಿಗೆ ಪಿಂಚಣಿ ಬಂದ ಮನೆಯ ಹೆಣ್ಣುಮಕ್ಕಳ ತೂಕ, ಎತ್ತರ ಸುಧಾರಿಸಿತು. ಅಜ್ಜನಿಗೆ ಬಂದ ಮನೆಗಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಗಂಡಸರು ಬೇಜಾರು ಮಾಡಿಕೊಳ್ಳಬಾರದು, ನಾನೂ ಅದೇ ಜಾತಿಯವನು.

ನಮ್ಮಲ್ಲಿ ಇದು ಎಷ್ಟು ತುರ್ತು ಅಂತೀರಾ? 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿಯಲ್ಲಿ ಅರ್ಧಕ್ಕಿಂತ ಜಾಸ್ತಿ. 2021ರ ಕೊನೆಯಲ್ಲಿ ಆ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಎಷ್ಟು ಗಲಾಟೆ ಆಯಿತು ನೆನಪಿದೆಯಾ? ಹೊಟ್ಟೆ ತುಂಬಿದವರೇ ಜಾಸ್ತಿ ಕೂಗಿದ್ದು.

ಇನ್ನು ನಿಮ್ಮ ಸ್ನೇಹಿತರ ಹತ್ತಿಯ ವಿಷಯ. ಹೆಂಗಸರು ಸಿಗುತ್ತಿಲ್ಲವಾದರೆ ಕೂಲಿ ಏರಿಸಿ ನೋಡಲಿ. ಬೆಳಿಗ್ಗೆಯಿಂದ ಬಗ್ಗಿ ಹತ್ತಿ ಬಿಡಿಸಿದರೆ ಒಣಗಿದ ಕಾಯಿಯ ಚೂಪು ತಾಗಿ ಬೆರಳ ತುದಿಯೆಲ್ಲ ಗೀರು. ಇಷ್ಟು ದಿನ ಗತಿಯಿಲ್ಲದೆ, ಹೇಳಿದ ಕೂಲಿಗೆ ಬರುತ್ತಿದ್ದಳು. ಈಗ 'ಇವತ್ತು ಬರಲ್ಲ' ಎನ್ನುವಷ್ಟು ಧೈರ್ಯ ಬಂದಿದೆ. ಅದಕ್ಕೆ ಸೋಮಾರಿತನ ಎನ್ನುವುದೇ? ನಿಮಗೂ ತಿಂಗಳಾ ತಿಂಗಳಾ ಪಿಂಚಣಿ ಬರುತ್ತದಲ್ಲ, ಅದು ಬಂತೆಂದು ನೀವೇನೂ ಸುಮ್ನೆ ಕೂತಿಲ್ಲ, ನನಗೆ ಪತ್ರ ಬರೆದು ಬೈಯುತ್ತಿದ್ದೀರಿ! ನೀವು ದುಡಿದು ಗಳಿಸಿದ್ದು ಅದು, ನಿಜ. ಅವಳೂ ದುಡಿದಿದ್ದಾಳೆ, ಯಾರೂ ಲೆಕ್ಕ ಬರೆದಿಟ್ಟಿಲ್ಲ ಅಷ್ಟೆ.

ಪುಕ್ಕಟೆಯ ಮಾತು ಎತ್ತಿದರೆ ನನಗೆ ಸಿಟ್ಟು ಬರುವುದು ಇಲ್ಲೇ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವರ್ಷಗಳಿಂದ ಕರೆಂಟು ಪುಕ್ಕಟೆ. ಸಿಗುವುದು ಜಮೀನು ಇದ್ದವನಿಗೆ. ಅವನು ಸೋಮಾರಿ ಆದನೆಂದು ಯಾರೂ ಪತ್ರ ಬರೆದಿಲ್ಲ. ನಾನಿರುವ ಬೆಂಗಳೂರನ್ನೇ ನೋಡಿ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಪಂಪ್ ಮಾಡಿ ಮೇಲೆತ್ತಿ ನಮ್ಮ ನಲ್ಲಿಗೆ ಬಿಡುತ್ತಾರೆ. 2014ರಿಂದ 2025ರವರೆಗೆ ಅದರ ದರ ಏರಿಸಿರಲಿಲ್ಲ. ಏರಿಸಿದ ದಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಲ್ಲಿ ಕ್ರಾಂತಿಯೇ ಆಗಿಬಿಟ್ಟಿತು.

ರಾಯಚೂರು ಭಾಗದ ಹೆಂಗಸರಿಗೆ ನಾವು ಬಿಟ್ಟಿದ್ದಾದರೂ ಏನು? ಮೈಕ್ರೋಫೈನಾನ್ಸ್ ಕಂಪನಿಗಳ ವಾರದ ಕಂತಿನ ಸಾಲ. ಸಂಘದ ಹೆಸರಲ್ಲಿ ಐದಾರು ಮಂದಿಯನ್ನು ಒಟ್ಟಿಗೆ ಕೂರಿಸಿ, ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಮನೆ ಮುಂದೆ ನಿಲ್ಲುವ ಹಾಗೆ ಮಾಡಿದ ಸಾಲ. ಕಿರುಕುಳ ಎಷ್ಟು ಮಿತಿ ಮೀರಿತೆಂದರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಹಳ್ಳಿ ಹೆಂಗಸಿಗೆ ಬ್ಯಾಂಕಿನ ಬಾಗಿಲು ಸಲೀಸಾಗಿ ತೆರೆದಿದ್ದರೆ ಅವಳು ಅಲ್ಲಿಗೆ ಹೋಗುತ್ತಿದ್ದಳಾ? ಇದಕ್ಕೆ ಉತ್ತರ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಒಂದು ಕೆಲಸ ಮಾಡಿ ಸಾರ್. ನಿಮ್ಮ ಕಾಲದಲ್ಲಿ ನಿಮ್ಮ ಶಾಖೆಯಲ್ಲಿ ವಸೂಲಾಗದೆ ಉಳಿದ ಸಾಲಗಳು ಯಾರವು? ರೈಸ್‌ಮಿಲ್‌ನವರದೋ, ಎಮ್ಮೆ ಕೊಳ್ಳಲು ಐದು ಸಾವಿರ ತಗೊಂಡವಳದೋ? ಹೆಸರು ಬೇಡ, ನೆನಪಿದ್ದಷ್ಟು ಬರೆದು ಕಳಿಸಿ. ಒಂದಕ್ಷರ ಕತ್ತರಿಸದೆ ಹಾಕುತ್ತೇನೆ.