ಅರ್ಧವೂ ಮೊಳೆಯದ ಹಳೆಯ ಸಾಸಿವೆ
ಹೋದ ವರ್ಷದ ಸಾಸಿವೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೆ, ಈಗ ಬಿತ್ತಿದರೆ ಅರ್ಧವೂ ಹುಟ್ಟಿಲ್ಲ ಅಂದಿದ್ದೀರಿ. ಬಹುಪಾಲು ಇದು ತೇವದ ಕೆಲಸ. ಸರಿಯಾಗಿ ಒಣಗದ ಕಾಳನ್ನು ಗಾಳಿಯಾಡದಂತೆ ಕಟ್ಟಿದರೆ ಒಳಗೇ ಬೆವರಿ ಮುಗ್ಗುತ್ತದೆ. ಎಣ್ಣೆಕಾಳು ಬೇರೆ, ಬೇಗ ಕಸುವು ಕಳೆದುಕೊಳ್ಳುತ್ತದೆ. ಬಿತ್ತಿದ ಆಳ 3 ಸೆಂ.ಮೀ. ದಾಟಿದ್ದರೂ ಹೀಗಾಗುವುದುಂಟು. ಹಾಗಾಗಿ ಪರೀಕ್ಷೆ ಮಾಡದೆ ಬೀಜದ್ದೇ ತಪ್ಪು ಅನ್ನಲಾರೆ.

ಉಳಿದ ಚೀಲದ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ. ಅದರಿಂದ 100 ಕಾಳು ಎಣಿಸಿಕೊಳ್ಳಿ. ದಪ್ಪಗಿರುವುದನ್ನೇ ಹೆಕ್ಕಬೇಡಿ, ಲೆಕ್ಕ ಸುಳ್ಳಾಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಹರಡಿ, ಸುರುಳಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗಬಾರದು, ನೀರೂ ತೊಟ್ಟಿಕ್ಕಬಾರದು. ಏಳನೇ ದಿನ ಬೇರು, ಎಲೆ ಎರಡೂ ನೆಟ್ಟಗಿರುವವನ್ನಷ್ಟೇ ಎಣಿಸಿ. ಬರೀ ಬೇರು ಇಣುಕಿದ್ದು ಲೆಕ್ಕಕ್ಕಿಲ್ಲ.

ಪ್ರಮಾಣಿತ ಬೀಜ, ಅಂದರೆ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ ಬೀಜ, ನೂರಕ್ಕೆ 85 ಮೊಳೆಯಬೇಕು. ನಿಮ್ಮದು 85 ಮುಟ್ಟದೆ 70ರ ಮೇಲಿದ್ದರೆ ಎಕರೆಗೆ 2 ಕೆ.ಜಿ. ಬದಲು ಎರಡೂವರೆ ಹಾಕಿ, 2ರಿಂದ 3 ಸೆಂ.ಮೀ. ಆಳಕ್ಕೆ ಬಿತ್ತಿ. 70 ದಾಟದಿದ್ದರೆ ಹೊಸ ಬೀಜ ತನ್ನಿ. ಹಳೆಯದು ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಒಗ್ಗರಣೆಗೂ ಬೇಡ.

ಕಾಳನ್ನು ಬಿಳಿ ತಟ್ಟೆಯಲ್ಲಿ ಹರಡಿಯೂ ನೋಡಿ. ನುಣುಪಾದ ಸಾಸಿವೆಯ ನಡುವೆ ಬಲೆ ಹೆಣೆದಂತೆ ಒರಟಾದ ಕಪ್ಪು ಕಾಳು ಕಂಡರೆ ಅದು ಅರ್ಗೆಮೋನ್, ಹಳದಿ ಹೂವಿನ ಮುಳ್ಳುಕಳೆ. ವಿಷ, ಹೆಕ್ಕಿ ಸುಟ್ಟುಬಿಡಿ.