ಓದುಗರ ಪ್ರಶ್ನೆ: ಹಳೆಯ ಸರ್ವರ್ ಚಿಪ್ಪೋ, ಹೊಸ ಲ್ಯಾಪ್‌ಟಾಪ್ ಚಿಪ್ಪೋ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಲೆಕ್ಕಪತ್ರವೆಲ್ಲ ಟ್ಯಾಲಿಯಲ್ಲಿ. ಡ್ರೋನ್ ಫೋಟೊಗಳನ್ನು ಜೋಡಿಸಿ ತೋಟದ ನಕ್ಷೆ ಮಾಡುವ ಕೆಲಸವನ್ನು ಮಗ ಈಚೆಗೆ ಶುರು ಮಾಡಿದ್ದಾನೆ. ಇಂಟೆಲ್ ಜಿಯಾನ್ ಇ5-2680 ವಿ4 ಇರುವ ಹಳೆಯ ವರ್ಕ್‌ಸ್ಟೇಷನ್ ಅಗ್ಗಕ್ಕೆ ಸಿಗುತ್ತಿದೆ. ಅದು ಬೇಡವೆಂದರೆ ಕೋರ್ ಐ5-1240ಪಿ ಲ್ಯಾಪ್‌ಟಾಪ್ ಇದೆ. ಸರ್ವರ್ ಪ್ರೊಸೆಸರ್ ಮುಂದೆ ಲ್ಯಾಪ್‌ಟಾಪ್ ಯಾವ ಲೆಕ್ಕಕ್ಕೂ ಇಲ್ಲ ಅನ್ನುತ್ತಾರೆ ಮಾರುವವರು. ನಿಜವೆ?

ಉತ್ತರ: ಟ್ಯಾಲಿಯ ಮಟ್ಟಿಗೆ ನಿಜವಲ್ಲ. ಡ್ರೋನ್ ಕೆಲಸದ ಮಟ್ಟಿಗೆ ಅರ್ಧ ನಿಜ, ಅದೂ ಪ್ರೊಸೆಸರ್‌ಗಿಂತ ಹೆಚ್ಚಾಗಿ ರ‍್ಯಾಮ್ ದೆಸೆಯಿಂದ.

ಜಿಯಾನ್ ಇ5-2680 ವಿ4 ಬಂದದ್ದು 2016ರಲ್ಲಿ. 14 ಕೋರ್ (ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕ), 28 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ), 35 ಎಂಬಿ ಕ್ಯಾಶ್ (ಚಿಪ್‌ನೊಳಗಿನ ಚಿಕ್ಕ, ವೇಗದ ಮೆಮೊರಿ), 120 ವ್ಯಾಟ್. ಮೂಲ ವೇಗ 2.4 ಗಿಗಾಹರ್ಟ್ಸ್, ಒಂದೆರಡು ಕೋರ್ ಮಾತ್ರ ದುಡಿಯುವಾಗ 3.3ರ ತನಕ ಏರುತ್ತದೆ. 1240ಪಿ ಬಂದದ್ದು 2022ರಲ್ಲಿ. ಅದರಲ್ಲಿ 4 ದೊಡ್ಡ ಕೋರ್, 8 ಚಿಕ್ಕ ಕೋರ್, ಒಟ್ಟು 16 ಥ್ರೆಡ್. ದೊಡ್ಡ ಕೋರ್ 4.4 ಗಿಗಾಹರ್ಟ್ಸ್ ಮುಟ್ಟುತ್ತದೆ. ಮೂಲ ವಿದ್ಯುತ್ 28 ವ್ಯಾಟ್, ಅಲ್ಪಕಾಲಕ್ಕೆ 64 ವ್ಯಾಟ್ ತನಕ.

ಟ್ಯಾಲಿ, ಎಕ್ಸೆಲ್, ಬ್ರೌಸರ್ ಇವುಗಳಲ್ಲಿ ಒಂದು ಗುಂಡಿ ಒತ್ತಿದ ಮೇಲಿನ ಕೆಲಸ ಬಹುಪಾಲು ಒಂದೇ ಕೋರ್ ಮೇಲೆ ಬೀಳುತ್ತದೆ. ಉಳಿದ ಹದಿಮೂರು ಕೋರ್ ನೋಡುತ್ತ ಕೂರುತ್ತವೆ. ಹೊಸ ಕೋರ್ ಬರೀ ಗಿಗಾಹರ್ಟ್ಸ್‌ನಲ್ಲಿ ಮುಂದಿರುವುದಲ್ಲ, ಪ್ರತಿ ಸುತ್ತಿನಲ್ಲೂ ಹೆಚ್ಚು ಕೆಲಸ ಮುಗಿಸುತ್ತದೆ. ಹಾಗಾಗಿ ಇಂಥ ಕೆಲಸದಲ್ಲಿ ಲ್ಯಾಪ್‌ಟಾಪ್ ಸುಮಾರು ಒಂದೂವರೆ ಪಟ್ಟಿಗೂ ಮೀರಿ ಮುಂದಿರುತ್ತದೆ. ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟರೆ ಮೊದಲ ಅರ್ಧ ನಿಮಿಷ ಎರಡೂ ಹೆಚ್ಚುಕಡಿಮೆ ಸಮ. ಆಮೇಲೆ ಲ್ಯಾಪ್‌ಟಾಪ್ 64 ವ್ಯಾಟ್‌ನಿಂದ 28ರ ಕಡೆಗೆ ಇಳಿಯುತ್ತದೆ, ವೇಗವೂ ಕುಗ್ಗುತ್ತದೆ. ಜಿಯಾನ್ ಮಾತ್ರ ಫ್ಯಾನ್ ಸರಿ ಇದ್ದರೆ ಬೆಳಗಿನ ತನಕ ಅದೇ ವೇಗದಲ್ಲಿ ದುಡಿಯುತ್ತದೆ. ಸರ್ವರ್ ಚಿಪ್ ಕಟ್ಟಿರುವುದೇ ಇದಕ್ಕಾಗಿ.

ಈಗ ರ‍್ಯಾಮ್. ಓಪನ್‌ಡ್ರೋನ್‌ಮ್ಯಾಪ್‌ನಂಥ ತಂತ್ರಾಂಶಕ್ಕೆ 250 ಫೋಟೊಗಳಿಗೆ ಸುಮಾರು 16 ಜಿಬಿ, 500 ಫೋಟೊಗಳಿಗೆ ಸುಮಾರು 32 ಜಿಬಿ ರ‍್ಯಾಮ್ ಬೇಕು. ಸಾಲದಿದ್ದರೆ ಕೆಲಸ ನಿಧಾನವಾಗುವುದಷ್ಟೇ ಅಲ್ಲ, ಗಂಟೆಗಟ್ಟಲೆ ಓಡಿದ ಮೇಲೆ ನಡುವೆಯೇ ಸಾಯುತ್ತದೆ. ಜಿಯಾನ್‌ಗೆ ನಾಲ್ಕು ಮೆಮೊರಿ ಚಾನೆಲ್, ಅಂದರೆ ಪ್ರೊಸೆಸರ್‌ಗೂ ಮೆಮೊರಿಗೂ ನಡುವೆ ನಾಲ್ಕು ದಾರಿ. 64 ಅಥವಾ 128 ಜಿಬಿ ಹಾಕುವುದು ಕಷ್ಟವಲ್ಲ. 32 ಜಿಬಿಯ ಎರಡು ಕಡ್ಡಿಗಿಂತ 16 ಜಿಬಿಯ ನಾಲ್ಕು ಕಡ್ಡಿ ವಾಸಿ, ನಾಲ್ಕೂ ಚಾನೆಲ್ ತುಂಬುತ್ತವೆ. ಆದರೆ ಅದಕ್ಕೆ ಹಾಕುವುದು ಸಾಮಾನ್ಯವಾಗಿ ರಿಜಿಸ್ಟರ್ಡ್ ಇಸಿಸಿ ಕಡ್ಡಿ. ಮನೆಯ ಡೆಸ್ಕ್‌ಟಾಪ್‌ನ ಕಡ್ಡಿಯನ್ನು ಅದರ ಜೊತೆ ಬೆರೆಸಿದರೆ ಯಂತ್ರ ಏಳುವುದೇ ಇಲ್ಲ. ಇಸಿಸಿ ರ‍್ಯಾಮ್ 64 ಬಿಟ್ ದತ್ತಾಂಶಕ್ಕೆ 8 ಬಿಟ್ ಕಾವಲು ಇಟ್ಟುಕೊಂಡಿರುತ್ತದೆ: ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ, ಎರಡು ತಪ್ಪಿದರೆ ಪತ್ತೆ ಹಚ್ಚುತ್ತದೆ. 1240ಪಿ ಗರಿಷ್ಠ 64 ಜಿಬಿ ತಾಳುತ್ತದೆ. ಆದರೆ ಆ ಚಿಪ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕೊಳ್ಳುವ ಮುಂಚೆ ಸ್ಲಾಟ್ ಎಷ್ಟಿವೆ ಎಂದು ಕೇಳಲೇಬೇಕು.

ಕೊಡಗಿನಲ್ಲಿ ಇಷ್ಟೇ ತೂಕದ ಇನ್ನೊಂದು ಲೆಕ್ಕ ಕರೆಂಟಿನದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಮರಳುವುದು ಯಾವಾಗಲೋ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇರುತ್ತದೆ. ಬ್ಯಾಟರಿ ಹಾಳಾಗದಂತೆ ಶೇಕಡಾ 60ರಷ್ಟೇ ಬಳಸಿ, ಇನ್ವರ್ಟರ್ ನಷ್ಟವನ್ನೂ ಕಳೆದರೆ ಕೈಗೆ ದಕ್ಕುವುದು ಸುಮಾರು 860. ಜೋರಾಗಿ ದುಡಿಯುವ ಜಿಯಾನ್ ಯಂತ್ರ ಒಟ್ಟು 200 ವ್ಯಾಟ್ ಎಳೆದರೆ ನಾಲ್ಕು ಗಂಟೆ ಬರುತ್ತದೆ. 30 ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಒಂದು ದಿನ ದಾಟುತ್ತದೆ.

ವರ್ಕ್‌ಸ್ಟೇಷನ್‌ಗೆ ಶುದ್ಧ ಸೈನ್ ವೇವ್ ಇನ್ವರ್ಟರ್ ಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಇಂಥ ಪವರ್ ಸಪ್ಲೈ ಗುಂಯ್‌ಗುಡುತ್ತದೆ, ಕೆಲವು ಸಲ ತಟ್ಟನೆ ಆಫ್ ಆಗುತ್ತದೆ. ಇನ್ವರ್ಟರ್ ಹಿಂದುಗಡೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದರಲ್ಲೇ ಇಡಿ. ಸಾಮಾನ್ಯ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಯಂತ್ರ ರೀಸ್ಟಾರ್ಟ್ ಆಗಿಬಿಡಬಹುದು.

ವರ್ಕ್‌ಸ್ಟೇಷನ್ ಕೊಳ್ಳುವುದೇ ಆದರೆ ಸಿಪಿಯು-ಝಡ್ ಎಂಬ ತಂತ್ರಾಂಶ ಹಾಕಿ ಚಿಪ್‌ನ ಹೆಸರು, ಕೋರ್ ಸಂಖ್ಯೆ ತಾಳೆ ನೋಡಿ. "ಇಎಸ್" ಎಂದು ತೋರಿದರೆ ಅದು ಪರೀಕ್ಷೆಗೆಂದು ಮಾಡಿದ ಚಿಪ್, ಬೇಡ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಲಿ. ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹೇಳುತ್ತದೆ. ಈ ಚಿಪ್‌ನಲ್ಲಿ ಗ್ರಾಫಿಕ್ಸ್ ಇಲ್ಲವಾದ್ದರಿಂದ ಬೇರೆ ಕಾರ್ಡ್ ಇಲ್ಲದೆ ಪರದೆ ಬೆಳಗುವುದಿಲ್ಲ. ವಿಂಡೋಸ್ 11ರ ಮಾನ್ಯ ಪಟ್ಟಿಯಲ್ಲಿ ಇದಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ ಬದಲು ಉಬುಂಟು ಲಿನಕ್ಸ್ ಹಾಕಿ ನಕ್ಷೆ ಕೆಲಸಕ್ಕಷ್ಟೇ ಮೀಸಲಿಟ್ಟರೆ ತೊಂದರೆಯಿಲ್ಲ.

ಒಂದೇ ಯಂತ್ರ ಕೊಳ್ಳುವುದಾದರೆ ರ‍್ಯಾಮ್ ಸ್ಲಾಟ್ ಇರುವ ಲ್ಯಾಪ್‌ಟಾಪ್ ಕೊಂಡು 32 ಜಿಬಿ ಹಾಕಿಸಿ, ಫೋಟೊಗಳನ್ನು ತೋಟದ ಒಂದೊಂದು ಪಟ್ಟೆಯಾಗಿ ಜೋಡಿಸಿ. ಮಗ ಇದನ್ನೇ ದಂಧೆಯಾಗಿಸಿ ವಾರಕ್ಕೆ ನಾಲ್ಕೈದು ತೋಟ ಮಾಡುವ ಹಾಗಿದ್ದರೆ ಮಾತ್ರ ಜಿಯಾನ್.

ಪ್ರಶ್ನೆ: ವಿರಾಜಪೇಟೆಯ ನಮ್ಮ ಹೋಮ್‌ಸ್ಟೇಗೆ 8 ಕ್ಯಾಮೆರಾ ಹಾಕಿಸಿದ್ದೇವೆ. ರೆಕಾರ್ಡಿಂಗ್‌ಗೆ ಸರ್ವರ್ ಪ್ರೊಸೆಸರ್ ಬೇಕೆ?

ಉತ್ತರ: ಬೇಡ. ಐಪಿ ಕ್ಯಾಮೆರಾ ತನ್ನೊಳಗೇ ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ. ಪ್ರೊಸೆಸರ್ ಅದನ್ನು ಡಿಸ್ಕಿಗೆ ಬರೆದರೆ ಸಾಕು. ಬೇಕಾಗುವುದು ಜಾಗ. ಒಂದೊಂದು ಕ್ಯಾಮೆರಾ 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಎಂದಿಟ್ಟುಕೊಂಡರೆ ಎಂಟಕ್ಕೆ ದಿನಕ್ಕೆ ಸುಮಾರು 346 ಜಿಬಿ, 15 ದಿನಕ್ಕೆ 5.2 ಟಿಬಿ. ಕಣ್ಗಾವಲಿಗೆಂದೇ ಮಾಡಿದ 6 ಟಿಬಿ ಡಿಸ್ಕ್ ಹಾಕಿಸಿ. ಎಂಟೂ ಚಿತ್ರ ಒಟ್ಟಿಗೆ ಪರದೆಯಲ್ಲಿ ನೋಡುವಾಗ ಮಾತ್ರ ವಿಡಿಯೊ ಬಿಡಿಸುವ ಕೆಲಸ ಬೀಳುತ್ತದೆ. ಅದಕ್ಕೆ ಲ್ಯಾಪ್‌ಟಾಪ್ ಚಿಪ್‌ನ ಒಳಗೇ ಪ್ರತ್ಯೇಕ ಭಾಗವಿದೆ, ಹಳೆಯ ಇ5 ಜಿಯಾನ್‌ನಲ್ಲಿಲ್ಲ.

ದಿನವಿಡೀ ಉರಿಯುವ ಯಂತ್ರವಾದ್ದರಿಂದ ಬಿಲ್ಲೂ ನೋಡಿ: 100 ವ್ಯಾಟ್ ತಿಂಗಳಿಗೆ 72 ಯೂನಿಟ್, 15 ವ್ಯಾಟ್‌ನ ಎನ್‌ವಿಆರ್ (ಕ್ಯಾಮೆರಾ ರೆಕಾರ್ಡಿಂಗ್‌ಗೆಂದೇ ಇರುವ) ಪೆಟ್ಟಿಗೆ 11 ಯೂನಿಟ್‌ಗೂ ಕಡಿಮೆ. ಏಪ್ರಿಲ್-ಮೇ ಗುಡುಗಿನ ದಿನಗಳಲ್ಲಿ ಪ್ಲಗ್ ಕಿತ್ತರೆ ಸಾಲದು, ಹೊರಗಿನ ಕ್ಯಾಮೆರಾಗಳಿಂದ ಬರುವ ಲ್ಯಾನ್ ಕೇಬಲ್‌ಗಳನ್ನೂ ಕೀಳಬೇಕು. ಸಿಡಿಲಿನ ಪೆಟ್ಟು ಆ ದಾರಿಯಲ್ಲೂ ಒಳಗೆ ಬರುತ್ತದೆ.

ಪ್ರಶ್ನೆ: ಜಿಯಾನ್ ಎಂದೇ ಬರೆದಿರುವ ಲ್ಯಾಪ್‌ಟಾಪ್ ಗೋಣಿಕೊಪ್ಪಲಿನಲ್ಲಿ ನೋಡಿದೆ. ಅದು ಸರ್ವರ್ ಚಿಪ್ಪೇ?

ಉತ್ತರ: ಹೆಸರು ಮಾತ್ರ. ಉದಾಹರಣೆಗೆ 2018ರ ಜಿಯಾನ್ ಇ-2176ಎಂ: 6 ಕೋರ್, 45 ವ್ಯಾಟ್, ಎರಡೇ ಮೆಮೊರಿ ಚಾನೆಲ್. ಅದೇ ಕಾಲದ ಐ7 ಲ್ಯಾಪ್‌ಟಾಪ್ ಚಿಪ್‌ಗಿಂತ ಮುಖ್ಯವಾಗಿ ಹೆಚ್ಚಿಗೆ ಸಿಗುವುದು ಇಸಿಸಿ ರ‍್ಯಾಮ್‌ನ ಸೌಲಭ್ಯ, ಅದೂ ಆ ಕಡ್ಡಿ ಹಾಕಿದ್ದರೆ. ಚಿಪ್ ಬೋರ್ಡಿಗೆ ಬೆಸೆದುಕೊಂಡಿರುತ್ತದೆ, ಮುಂದೆ ಬದಲಾಯಿಸಲಾಗದು. ಹೆಸರಿಗೆಂದು ಹೆಚ್ಚು ದುಡ್ಡು ಕೊಡಬೇಡಿ.