ಕೈಯಲ್ಲಿರುವ ಸೀಟು ಬಿಡಬೇಡಿ

ಪತ್ರ: ನಾವು ಇಂಗ್ಲೆಂಡಿಗೆ ಬಂದು ಮೂರು ವರ್ಷವಾಯಿತು. ಮಗಳಿಗೆ ಈ ಸೆಪ್ಟೆಂಬರ್‌ಗೆ ರಿಸೆಪ್ಶನ್ ಕ್ಲಾಸು (ನಾಲ್ಕು ತುಂಬಿದ ಮಕ್ಕಳು ಸೇರುವ, ಇಲ್ಲಿನ ಸ್ಕೂಲಿನ ಮೊದಲ ತರಗತಿ). ಅರ್ಜಿಯಲ್ಲಿ ಮೂರು ಸ್ಕೂಲು ಬರೆದಿದ್ದೆವು. ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನವರು ಮೂರನ್ನೂ ಬಿಟ್ಟು ಎರಡೂವರೆ ಮೈಲಿ ದೂರದ ಸ್ಕೂಲು ಕೊಟ್ಟಿದ್ದಾರೆ. ಮೊದಲು ಬರೆದ ಸ್ಕೂಲಿನ ನರ್ಸರಿಗೇ ಅವಳು ಹೋಗುತ್ತಿರುವುದು! ಹೊರಗಿನವರು ಅಂತ ಹೀಗೆ ಮಾಡಿದರಾ? ಒಂದೇ ಸ್ಕೂಲು ಬರೆದಿದ್ದರೆ ಸಿಗುತ್ತಿತ್ತಾ? ಈ ಸೀಟು ಬೇಡ ಅಂದುಬಿಡೋಣವಾ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೆ ಗಡುವು ಇದೆ. ದಯವಿಟ್ಟು ಆ ಸೀಟು ಬಿಡಬೇಡಿ. ಒಪ್ಪಿಕೊಂಡರೆ ಬೇರೆ ಸ್ಕೂಲಿನ ವೇಟಿಂಗ್ ಲಿಸ್ಟಿಗೂ ತೊಂದರೆಯಿಲ್ಲ, ಅಪೀಲಿಗೂ ತೊಂದರೆಯಿಲ್ಲ. ಬೇಡ ಅಂದರೆ ಮಾತ್ರ ಸೆಪ್ಟೆಂಬರ್‌ನಲ್ಲಿ ಮಗು ಮನೆಯಲ್ಲೇ ಉಳಿಯುವ ಅಪಾಯವಿದೆ.

ಹೊರಗಿನವರು ಅಂತ ಅಲ್ಲ. ಸೀಟಿಗಿಂತ ಅರ್ಜಿ ಜಾಸ್ತಿ ಬಂದಾಗ ಯಾರಿಗೆ ಮೊದಲು ಅನ್ನುವುದನ್ನು ಪ್ರತಿ ಸ್ಕೂಲೂ ಮುಂಚೆಯೇ ಬರೆದು ಪ್ರಕಟಿಸಿರಬೇಕು. ವಿಶೇಷ ಅಗತ್ಯವಿರುವ ಮಗುವಿಗೆ ಕೌನ್ಸಿಲ್ ಬರೆದುಕೊಡುವ ನೆರವಿನ ಯೋಜನೆಯಲ್ಲಿ (ಇಎಚ್‌ಸಿ ಪ್ಲಾನ್) ಆ ಸ್ಕೂಲಿನ ಹೆಸರಿದ್ದರೆ ಆ ಮಗುವನ್ನು ಸೇರಿಸಿಕೊಳ್ಳಲೇಬೇಕು. ಆಮೇಲೆ ಸರ್ಕಾರದ ಆರೈಕೆಯಲ್ಲಿರುವ, ಹಿಂದೆ ಇದ್ದ ಮಕ್ಕಳು. ಬಹಳ ಕಡೆ ನಂತರದ ಸರದಿ ಅದೇ ಸ್ಕೂಲಿನಲ್ಲಿ ಅಣ್ಣನೋ ಅಕ್ಕನೋ ಓದುತ್ತಿರುವ ಮಕ್ಕಳದು, ಕೊನೆಗೆ ಮನೆಯಿಂದ ಎಷ್ಟು ದೂರ ಅನ್ನುವ ಅಳತೆ. ಚರ್ಚಿಗೆ ಸೇರಿದ ಸ್ಕೂಲುಗಳಲ್ಲಿ ಧರ್ಮವೂ ಲೆಕ್ಕಕ್ಕೆ ಬರಬಹುದು. ಅಪ್ಪ ಅಮ್ಮ ಏನು ಓದಿದ್ದಾರೆ, ಎಷ್ಟು ದುಡಿಯುತ್ತಾರೆ ಅಂತ ನೋಡುವಂತಿಲ್ಲ. ಮಗುವಿಗೂ ನಿಮಗೂ ಇಂಟರ್ವ್ಯೂ ಇಲ್ಲ, ಡೊನೇಶನ್ ಕೇಳುವಂತಿಲ್ಲ. ನಮ್ಮ ಆರ್‌ಟಿಇ ಕಾಯ್ದೆಯಲ್ಲೂ ಈ ನಿಷೇಧ ಇದೆ, ಆದರೆ ಬೆಂಗಳೂರಿನಲ್ಲಿ ಎಲ್‌ಕೆಜಿ ಸೀಟಿಗೆ ಓಡಾಡಿದವರಿಗೆ ಅದು ಎಷ್ಟು ನಡೆಯುತ್ತದೆ ಅಂತ ಗೊತ್ತು.

ನರ್ಸರಿಯ ವಿಷಯ ಬಹಳ ಮನೆಗಳಲ್ಲಿ ಎಡವಟ್ಟಾಗುವ ಜಾಗ. ಅದೇ ಸ್ಕೂಲಿನ ನರ್ಸರಿಗೆ ಹೋದರೂ ರಿಸೆಪ್ಶನ್ ಸೀಟು ತಾನಾಗಿ ಸಿಗುವುದಿಲ್ಲ, ಜನವರಿ 15ರೊಳಗೆ ಎಲ್ಲರ ಹಾಗೆ ಅರ್ಜಿ ಹಾಕಬೇಕು.

ಇನ್ನು ಒಂದೇ ಸ್ಕೂಲು ಬರೆಯುವ ಮಾತು. ಈ ಸಲಹೆ ಕೊಡುವವರು ತುಂಬಾ ಜನ, ಮತ್ತು ಇದು ಪೂರ್ತಿ ತಪ್ಪು. ನೀವು ಯಾವುದನ್ನು ಮೊದಲು ಬರೆದಿರಿ ಅನ್ನುವುದು ಸೀಟು ಹಂಚುವಾಗ ಲೆಕ್ಕಕ್ಕೇ ಬರುವುದಿಲ್ಲ. ಪ್ರತಿ ಸ್ಕೂಲಿನಲ್ಲೂ ನಿಯಮದ ಪ್ರಕಾರ ಮಕ್ಕಳ ಸಾಲು ಮಾಡುತ್ತಾರೆ, ನಿಮ್ಮ ಮಗುವಿಗೆ ಎರಡು ಮೂರು ಕಡೆ ಜಾಗ ಬಂದರೆ ಅದರಲ್ಲಿ ನೀವು ಮೇಲೆ ಬರೆದದ್ದನ್ನು ಕೌನ್ಸಿಲ್ ಉಳಿಸಿಕೊಟ್ಟು ಮಿಕ್ಕವನ್ನು ಮುಂದಿನವರಿಗೆ ಬಿಡುತ್ತದೆ. ಕನಿಷ್ಠ ಮೂರು ಹೆಸರು ಬರೆಯಬಹುದು, ಲಂಡನ್ನಿನಲ್ಲಿ ಆರು. ಖಾಲಿ ಬಿಟ್ಟರೆ ನಷ್ಟ ನಿಮಗೇ. ಬರೆಯುವಾಗ ಹೆಸರುವಾಸಿಯಾದ ಮೂರನ್ನೇ ಹಾಕಬಾರದು. ಹೋದ ವರ್ಷ ಕೊನೆಯ ಸೀಟು ಎಷ್ಟು ದೂರದ ಮನೆಗೆ ಸಿಕ್ಕಿತು ಅನ್ನುವ ಅಂಕಿಯನ್ನು ಬಹಳಷ್ಟು ಕೌನ್ಸಿಲ್‌ಗಳು ಪ್ರಕಟಿಸುತ್ತವೆ. ಅದನ್ನು ನೋಡಿ, ಖಂಡಿತ ಸಿಗಬಹುದಾದ ಒಂದನ್ನಾದರೂ ಸೇರಿಸಬೇಕು. ಚಿಕ್ಕ ಮಗು ಇದ್ದರೆ, ಗೆಳೆಯರ ಮಕ್ಕಳಿದ್ದರೆ, ಮುಂದಿನ ಸಲಕ್ಕೆ ಇದು ನೆನಪಿರಲಿ.

ದೂರದ ನಿಯಮದ ಬಗ್ಗೆ ನನಗೆ ಬೇಜಾರಿದೆ. ಒಳ್ಳೆಯ ಹೆಸರಿನ ಸ್ಕೂಲಿನ ಸುತ್ತ ಬಾಡಿಗೆ ಏರುತ್ತದೆ, ಕೊಡಲು ಆಗದವರು ಹಿಂದೆ ಸರಿಯುತ್ತಾರೆ. ಫೀಸಿಲ್ಲದ ಸ್ಕೂಲಿಗೆ ಹೀಗೆ ಬೇರೆ ದಾರಿಯಿಂದ ಬೆಲೆ ಬಂದುಬಿಡುತ್ತದೆ. ಕೌನ್ಸಿಲ್‌ಗಳ ಕೈಯೂ ಅರ್ಧ ಕಟ್ಟಿದೆ: ಸಾಕಷ್ಟು ಸೀಟು ಇರುವಂತೆ ನೋಡಿಕೊಳ್ಳುವುದು ಕಾನೂನಿನ ಪ್ರಕಾರ ಅವರ ಕೆಲಸ, ಆದರೆ ಅಕಾಡೆಮಿ ಸ್ಕೂಲುಗಳ (ಸರ್ಕಾರದ ದುಡ್ಡಿನಲ್ಲಿ ನಡೆದರೂ ಕೌನ್ಸಿಲ್ ಕೈಕೆಳಗೆ ಇಲ್ಲದವು) ನಿಯಮ ಮಾಡುವುದು ಅವುಗಳ ಟ್ರಸ್ಟು, ಇನ್ನೊಂದು ಸೆಕ್ಷನ್ ತೆರೆಯಿರಿ ಅಂತ ಕೌನ್ಸಿಲ್ ಅಪ್ಪಣೆ ಕೊಡುವಂತಿಲ್ಲ. ಅತ್ತ ಲಂಡನ್ನಿನ ಹ್ಯಾಕ್ನಿಯಂಥ ಕಡೆ ಮಕ್ಕಳೇ ಕಡಿಮೆಯಾಗಿ, ತಲೆಗಿಷ್ಟು ಅಂತ ಬರುವ ದುಡ್ಡೂ ಕಡಿಮೆಯಾಗಿ, 2024ರಲ್ಲಿ ಪ್ರೈಮರಿ ಸ್ಕೂಲುಗಳನ್ನು ಮುಚ್ಚಿದರು. ಒಂದು ಕಡೆ ಖಾಲಿ ಬೆಂಚು, ಇನ್ನೊಂದು ಕಡೆ ನಿಮ್ಮ ಮಗಳಿಗೆ ಜಾಗವಿಲ್ಲ.

ಅಪೀಲು ಹಾಕುವುದು ನಿಮ್ಮ ಹಕ್ಕು. ಆದರೆ ರಿಸೆಪ್ಶನ್‌ಗೆ ಗೆಲ್ಲುವುದು ಕಷ್ಟ. ಈ ಕ್ಲಾಸುಗಳಲ್ಲಿ ಒಬ್ಬ ಟೀಚರಿಗೆ 30 ಮಕ್ಕಳಿಗಿಂತ ಜಾಸ್ತಿ ಇರಬಾರದು ಅಂತ ಕಾನೂನೇ ಇದೆ. ಹಾಗಾಗಿ ‘ಆ ಸ್ಕೂಲು ಚೆನ್ನಾಗಿದೆ, ಗೆಳತಿಯರೆಲ್ಲ ಅಲ್ಲೇ ಇದ್ದಾರೆ’ ಅಂದರೆ ಸಾಲುವುದಿಲ್ಲ. ನಿಮ್ಮ ಮನೆಯ ದೂರ ತಪ್ಪಾಗಿ ಅಳೆದಿದ್ದಾರೆ, ನಿಯಮ ತಪ್ಪಾಗಿ ಹಾಕಿದ್ದಾರೆ ಅಂತ ತೋರಿಸಿದರೆ ಕೇಸು ನಿಲ್ಲುತ್ತದೆ. ಸೀಟು ಯಾಕೆ ಕೊಡಲಿಲ್ಲ ಅನ್ನುವ ಕಾರಣ ಕೌನ್ಸಿಲ್ ಪತ್ರದಲ್ಲೇ ಇರಬೇಕು. ಅದನ್ನು ಸ್ಕೂಲಿನ ನಿಯಮದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ.

ವೇಟಿಂಗ್ ಲಿಸ್ಟಿನಲ್ಲೂ ಮೊದಲು ಬಂದವರಿಗೆ ಮೊದಲು ಅನ್ನುವುದಿಲ್ಲ, ನಿಮಗಿಂತ ಹತ್ತಿರದ ಮನೆಯವರು ನಾಳೆ ಸೇರಿದರೆ ನೀವು ಒಂದು ಮೆಟ್ಟಿಲು ಕೆಳಗೆ. ಆದರೂ ಹೆಸರು ಇರಲಿ. ಊರು ಬಿಡುವವರು, ಪ್ರೈವೇಟ್ ಸ್ಕೂಲಿಗೆ ಹೋಗುವವರು ಇದ್ದೇ ಇರುತ್ತಾರೆ. ಆ ಪಟ್ಟಿಯನ್ನು ಕನಿಷ್ಠ ಡಿಸೆಂಬರ್ 31ರವರೆಗೆ ಇಟ್ಟಿರಬೇಕು.

ಅಂದ ಹಾಗೆ, ಐದು ತುಂಬಿದ, ಎಂಟು ವರ್ಷದೊಳಗಿನ ಮಗುವಿಗೆ ಜಾಗವಿರುವ ಅತಿ ಹತ್ತಿರದ ಸ್ಕೂಲೇ ಎರಡು ಮೈಲಿಗಿಂತ ದೂರವಿದ್ದರೆ ಕೌನ್ಸಿಲ್ ಉಚಿತ ಪ್ರಯಾಣದ ವ್ಯವಸ್ಥೆ ಮಾಡಬೇಕು. ನಿಮಗೆ ಕೊಟ್ಟಿರುವ ಸ್ಕೂಲು ಎರಡೂವರೆ ಮೈಲಿ ಅಂತ ಬರೆದಿದ್ದೀರಿ, ಅಲ್ವಾ? ನಡೆಯುವ ದಾರಿಯ ಲೆಕ್ಕದಲ್ಲೂ ಅಷ್ಟೇ ಬರುತ್ತದಾ ನೋಡಿ, ಆ ಅರ್ಜಿಯನ್ನೂ ಕೇಳಿ ತರಿಸಿಕೊಳ್ಳಿ.

– ಸಂಪಾದಕ